ಮಕ್ಕಳ ಬಟ್ಟೆ ಹೊಲಿಯಲು ಕೂತಾಗೆಲ್ಲ ಏನಾದರೊಂದು ಕೆಡುತ್ತದೆ. ಸಮಯವೂ ಇಲ್ಲ. ಹೊಲಿಗೆ ಬಿಟ್ಟುಬಿಡಲೇ?

ಬಿಡಬೇಡಿ. ಆಫೀಸು ಮುಗಿಸಿ, ಇಬ್ಬರು ಮಕ್ಕಳನ್ನು ಮಲಗಿಸಿ ರಾತ್ರಿ ಮೆಷಿನ್ ಮುಂದೆ ಕೂರುತ್ತೇನೆ ಅಂತ ಬರೆದಿದ್ದೀರಿ. ಮೂರು ವರ್ಷದ ಮಗಳ ಫ್ರಾಕ್ ತಲೆಯಲ್ಲಿ ಇಳಿಯಲಿಲ್ಲ, ಕಾಟನ್ ಲಂಗ ಒಂದು ಸಲ ಒಗೆದಿದ್ದಕ್ಕೇ ಗಿಡ್ಡ ಆಯಿತು, ಬಟ್ಟೆಯ ಅಡಿಯಲ್ಲಿ ದಾರ ಸಿಕ್ಕು ಕಟ್ಟುತ್ತಲೇ ಇರುತ್ತದೆ, ಇವು ನಿಮ್ಮ ದೂರು. ಮೂರಕ್ಕೂ ಕಾರಣ ಗೊತ್ತಾದರೆ ಮೂರೂ ನಿಲ್ಲುತ್ತವೆ. ನಾನೂ ಕೆಲಸ, ಅಡುಗೆ, ಮಕ್ಕಳ ಹೋಂವರ್ಕ್ ಮಧ್ಯೆಯೇ ಹೊಲಿಯುವವಳು. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ದಾರ. ಜಾಸ್ತಿ ಜನ ಬೇಸತ್ತು ಮೆಷಿನ್ ಮುಚ್ಚಿಡುವುದು ಇದರಿಂದಲೇ. ಅಡಿಯಲ್ಲಿ ಸಿಕ್ಕು ಕಂಡ ಕೂಡಲೇ ಕೈ ಬಾಬಿನ್ ಕೇಸಿನ, ಅಂದರೆ ಕೆಳಗಿನ ದಾರದ ಉರುಳೆ ಕೂರುವ ಡಬ್ಬಿಯ, ಸ್ಕ್ರೂಗೆ ಹೋಗುತ್ತದೆ. ಅದನ್ನು ಮುಟ್ಟಬೇಡಿ. ಅಡಿಯಲ್ಲಿ ಕಾಣುವ ಆ ಸಿಕ್ಕು ಬಹಳಷ್ಟು ಸಲ ಮೇಲಿನ ದಾರದ್ದು. ಮೇಲಿನ ದಾರ ಅದನ್ನು ಒತ್ತಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂರದಿದ್ದರೆ ಅದಕ್ಕೆ ಬಿಗಿಯೇ ಇರುವುದಿಲ್ಲ. ಸಡಿಲವಾಗಿ ಕೆಳಗಿಳಿದು ಕುಣಿಕೆ ಕುಣಿಕೆಯಾಗಿ ಸುತ್ತಿಕೊಳ್ಳುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ಇಳಿದಿರುವಾಗ ಆ ಬಿಲ್ಲೆಗಳು ಒತ್ತಿಕೊಂಡಿರುತ್ತವೆ, ದಾರ ಒಳಗೆ ಹೋಗದೆ ಮೇಲೆಯೇ ಜಾರುತ್ತದೆ. ಅದಕ್ಕೇ ಫುಟ್ ಎತ್ತಿ ಪೋಣಿಸಬೇಕು. ಪೋಣಿಸಿದ ಮೇಲೆ ಫುಟ್ ಇಳಿಸಿ ದಾರ ಎಳೆದು ನೋಡಿ. ಬಿಗಿ ಸಿಕ್ಕರೆ ಸರಿ, ಸಲೀಸಾಗಿ ಬಂದರೆ ಮತ್ತೆ ಪೋಣಿಸಿ. ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದುಕೊಳ್ಳಿ. ಆಗಲೂ ಅನುಮಾನ ಇದ್ದರೆ ಮೇಲೆ ಕೆಂಪು ದಾರ, ಬಾಬಿನ್‌ಗೆ ಬಿಳಿ ದಾರ ಹಾಕಿ ಒಂದು ಚೂರು ಬಟ್ಟೆ ಮೇಲೆ ಹೊಲಿಯಿರಿ. ಅಡಿಯಲ್ಲಿ ಕೆಂಪು ಎದ್ದು ಕಂಡರೆ ಮೇಲಿನ ದಾರ ಸಡಿಲ ಅಂತ ನಿಮಗೇ ಗೊತ್ತಾಗುತ್ತದೆ. ಸೂಜಿಯನ್ನೂ ನೋಡಿ. ಮಾಮೂಲಿ ಕಾಟನ್‌ಗೆ 14 ನಂಬರ್, ತೆಳು ಬಟ್ಟೆಗೆ 11, ಜೀನ್ಸ್‌ಗೆ 16. ತುದಿ ಮೊಂಡಾದ ಸೂಜಿಯನ್ನು ಎಸೆಯಲು ಹಿಂದೆಮುಂದೆ ನೋಡಬೇಡಿ.

ಫ್ರಾಕ್ ತಲೆಯಲ್ಲಿ ಇಳಿಯದಿದ್ದಕ್ಕೆ ಕಾರಣ ಇಷ್ಟೇ: ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು. ಮೂರು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 19ರಿಂದ 20 ಇಂಚು ಇರುತ್ತದೆ. ಕುತ್ತಿಗೆ ಅಳತೆ ನೋಡಿ ಕತ್ತರಿಸಿದರೆ ಅದರಲ್ಲಿ ತಲೆ ತೂರುವುದು ಹೇಗೆ? ಹಾಗಂತ ಕೊರಳನ್ನೇ ಅಷ್ಟು ಅಗಲ ಮಾಡಿದರೆ ಭುಜದಿಂದ ಜಾರುತ್ತದೆ. ಅಂಗಡಿಯ ಫ್ರಾಕ್‌ಗಳಲ್ಲಿ ಬೆನ್ನ ಮೇಲೆ ಗುಂಡಿ ಅಥವಾ ಜಿಪ್ ಇರುವುದು ಇದಕ್ಕೇ. ನಿಮ್ಮ ಫ್ರಾಕ್ ಹಾಳಾಗಿಲ್ಲ. ಹಿಂದೆ ಕೊರಳಿನ ನಡುವಿನಿಂದ ನೇರ ಕೆಳಗೆ 4 ಇಂಚು ಸೀಳಿ. ಸೀಳಿಗೆ ಎರಡು ಬದಿ ಇರುವುದರಿಂದ ಕೊರಳಿನ ಬಾಯಿ 8 ಇಂಚು ದೊಡ್ಡದಾಗುತ್ತದೆ. 14 ಇಂಚಿನ ಕೊರಳು 22 ಆಯಿತು, ತಲೆ ಆರಾಮಾಗಿ ಹೋಗುತ್ತದೆ. ಸೀಳಿನ ಅಂಚಿಗೆ ಅದೇ ಬಟ್ಟೆಯ ಪಟ್ಟಿ ಕೊಟ್ಟು, ಮೇಲೆ ಒಂದು ಗುಂಡಿ, ಒಂದು ದಾರದ ಕುಣಿಕೆ ಹಾಕಿದರೆ ಮುಗಿಯಿತು.

ಲಂಗದ ವಿಷಯ ಬೇಗ ಹೇಳಿಬಿಡುತ್ತೇನೆ. ಹೊಸ ಕಾಟನ್ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಮಾಮೂಲಿ. 24 ಇಂಚಿನ ಲಂಗದಲ್ಲಿ ಒಂದಿಂಚು ಹೋದರೆ ಎದ್ದು ಕಾಣುತ್ತದೆ. ಕಟಿಂಗ್‌ಗೆ ಮೊದಲು ಬಟ್ಟೆಯನ್ನು ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಲೈನಿಂಗ್ ಬಟ್ಟೆಯನ್ನೂ ಹೀಗೇ ಮಾಡಿ. ಅದೊಂದೇ ಕುಗ್ಗಿದರೆ ಮೇಲಿನ ಬಟ್ಟೆ ಜೋತುಬೀಳುತ್ತದೆ. ರೇಷ್ಮೆ, ಜರಿ, ಖಣದ ಬಟ್ಟೆಗಳನ್ನು ಮಾತ್ರ ನೆನೆಸಬೇಡಿ. ಬೆಳೆಯುವ ಮಗು ಅಲ್ವಾ, ಲಂಗದ ಒಳಗೆ ಎರಡು ಮಡಿಕೆ ಹಿಡಿದು ಹೊಲಿದಿಡಿ. ಮುಂದಿನ ವರ್ಷ ಒಂದನ್ನು ಬಿಚ್ಚಿದರೆ ಅದೇ ಲಂಗ ಸರಿಹೋಗುತ್ತದೆ.

ಈಗ ನಿಮ್ಮ ನಿಜವಾದ ಕಷ್ಟ, ಸಮಯ. ಇಲ್ಲಿ ಒಂದು ಮಾತನ್ನು ನಾನು ಒತ್ತಿ ಹೇಳುತ್ತೇನೆ. ಹೊಲಿಗೆಯ ತಪ್ಪು ಬೇರೆ, ಕತ್ತರಿಯ ತಪ್ಪು ಬೇರೆ. ಹೊಲಿದಿದ್ದನ್ನು ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸಲು ಆಗುವುದಿಲ್ಲ. ನಿದ್ದೆಗಣ್ಣಲ್ಲಿ ಹೊಲಿಗೆ ಸೊಟ್ಟ ಹೋದರೆ ಪರವಾಗಿಲ್ಲ. ನಿದ್ದೆಗಣ್ಣಲ್ಲಿ ಕತ್ತರಿ ಹಿಡಿಯಬೇಡಿ. ಎರಡು ತೋಳೂ ಒಂದೇ ಕೈಗೆ ಆಗಿಬಿಡುವುದು, ಪ್ರಿಂಟಿನ ಆನೆಗಳು ಬೆನ್ನ ಮೇಲೆ ತಲೆಕೆಳಗಾಗಿ ನಿಲ್ಲುವುದು, ಎಲ್ಲಾ ಆ ಹೊತ್ತಿನಲ್ಲೇ. ಭುಜದ ಹತ್ತಿರ ಬಟ್ಟೆ ಮಡಚಿ ಮುಂಭಾಗ, ಹಿಂಭಾಗ ಒಟ್ಟಿಗೆ ಕತ್ತರಿಸಿದರೆ ಆನೆ ತಲೆಕೆಳಗಾಗಲೇಬೇಕು. ಹಬ್ಬದ ಹಿಂದಿನ ರಾತ್ರಿಯಂತೂ ಹೊಸ ಬಟ್ಟೆಗೆ ಕತ್ತರಿ ಬೇಡವೇ ಬೇಡ.

ಭಾನುವಾರ ಬೆಳಿಗ್ಗೆ ಮಕ್ಕಳು ಏಳುವ ಮೊದಲು ಕಟಿಂಗ್ ಮುಗಿಸಿ, ತುಂಡುಗಳನ್ನು ಒಂದು ಚೀಲದಲ್ಲಿ ಹಾಕಿಡಿ. ವಾರದ ರಾತ್ರಿಗಳಲ್ಲಿ ಒಂದು ದಿನ ಭುಜ, ಒಂದು ದಿನ ಪಕ್ಕ, ಹೀಗೆ ಒಂದೊಂದೇ ಜೋಡಿಸಿ. ಪಕ್ಕದ ಹೊಲಿಗೆಗೆ ಒಂದಿಂಚು ಮಾರ್ಜಿನ್ ಬಿಡಿ, ಮೊದಲು ಕಚ್ಚಾ ಹೊಲಿಗೆ ಹಾಕಿ ಮಗುವಿಗೆ ತೊಡಿಸಿ ನೋಡಿ, ಆಮೇಲೆ ಗಟ್ಟಿ ಹೊಲಿಗೆ. ಬಿಚ್ಚುವ ಕೆಲಸ ಬಂದರೆ ಅದನ್ನು ಮಕ್ಕಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ಮಾಡಬಹುದು. ಪ್ರತಿ ಹೊಲಿಗೆಯನ್ನೂ ಕತ್ತರಿಸಬೇಕಿಲ್ಲ. ಒಂದು ಬದಿಯಲ್ಲಿ ನಾಲ್ಕೈದು ಹೊಲಿಗೆಗೆ ಒಂದರಂತೆ ಕತ್ತರಿಸುತ್ತಾ ಹೋಗಿ, ಬಟ್ಟೆ ತಿರುಗಿಸಿ ಇನ್ನೊಂದು ಬದಿಯ ದಾರ ಎಳೆಯಿರಿ, ಸರ‍್ರನೆ ಬರುತ್ತದೆ. ಗುಂಡುಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕುವುದನ್ನು ಮಾತ್ರ ಯಾವ ರಾತ್ರಿಯೂ ಬಿಡಬೇಡಿ. ಮೋಟಾರ್ ಇದ್ದರೆ ಪ್ಲಗ್ ತೆಗೆದೇ ಏಳಿ.

ಕಲಿತದ್ದು ಮರೆಯದಿರಲು ಬೇರೆ ನೋಟ್‌ಬುಕ್ ಬೇಡ, ಅದು ಬೇಕಾದಾಗ ಸಿಗುವುದಿಲ್ಲ. ಹಳೇ ಪೇಪರಿನಲ್ಲಿ ಕಟಿಂಗ್ ಮಾಡಿ, ಬಟ್ಟೆ ಹೊಲಿದಾದ ಮೇಲೆ ಅದೇ ಪೇಪರ್ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆಯಿರಿ: "ಕಂಕುಳು ಬಿಗಿ, ಅರ್ಧ ಇಂಚು ಇಳಿಸು", "ಹಿಂದೆ ಸೀಳು ಬೇಕು". ತಾರೀಕು, ಮಗುವಿನ ಎದೆ ಅಳತೆ, ಎತ್ತರ ಕೂಡ ಬರೆಯಿರಿ. ಮುಂದಿನ ಸಲ ಕತ್ತರಿ ಹಿಡಿಯುವ ಹೊತ್ತಿಗೆ ಆ ಪೇಪರ್ ನಿಮ್ಮ ಕೈಯಲ್ಲೇ ಇರುತ್ತದೆ.

ಮುಂದಿನದು ಏನು ಹೊಲಿಯಲಿ ಅಂತಲೂ ಕೇಳಿದ್ದೀರಿ. ಹಳೇ ಪಂಚೆಯಲ್ಲೋ ಬೆಡ್‌ಶೀಟಿನಲ್ಲೋ ಎಲಾಸ್ಟಿಕ್ ಹಾಕಿದ ಪೈಜಾಮ ಹೊಲಿಯಿರಿ. ಕೊರಳಿಲ್ಲ, ತೋಳಿಲ್ಲ, ಒಗೆದು ಒಗೆದು ಕುಗ್ಗಿಯಾಗಿರುವ ಬಟ್ಟೆ. ನಿಮ್ಮ ಮೆಷಿನ್ ಯಾವುದು ಅಂತ ತಿಳಿಸಿದರೆ ಅದರಲ್ಲಿ ಮೇಲಿನ ದಾರ ಹೋಗುವ ದಾರಿಯನ್ನೂ ಬರೆಯುತ್ತೇನೆ.