ಒಮ್ಮೆ ಹೊರಟ ಕುದುರೆ ವಾಪಸ್ ಬರುವಂತಿಲ್ಲ

ಪ್ರಶ್ನೆ: ಮಗಳು ಐಸ್‌ಲ್ಯಾಂಡ್‌ನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಒಂದು ಕುದುರೆ ಕೊಳ್ಳಬೇಕಂತೆ. ಮುಂದೆ ಜರ್ಮನಿಗೆ ಹೋದರೆ ಜೊತೆಗೆ ಒಯ್ದು, ಬೇಡವಾದಾಗ ವಾಪಸ್ ತಂದು ಮಾರಬಹುದಾ?
— ಒಬ್ಬ ತಾಯಿ, ಸಕಲೇಶಪುರ

ಉತ್ತರ: ಒಯ್ಯಬಹುದು ಅಮ್ಮಾ, ವಾಪಸ್ ತರೋದು ಮಾತ್ರ ಆಗಲ್ಲ. ಹೊರಗಿನ ಯಾವ ಕುದುರೆಯನ್ನೂ ಆ ದೇಶ ಒಳಗೆ ಬಿಡುವುದಿಲ್ಲ, ಅಲ್ಲೇ ಹುಟ್ಟಿ ಹೊರಗೆ ಹೋದದ್ದನ್ನೂ ಸೇರಿಸಿ. ನೂರಾರು ವರ್ಷ ಬೇರೆಯಾಗಿಯೇ ಬೆಳೆದ ತಳಿ ಅದು, ಹೊರಗಿನ ಎಷ್ಟೋ ರೋಗ ಅಲ್ಲಿಗೆ ಬಂದೇ ಇಲ್ಲ, ಹಾಗಾಗಿ ತಡೆದುಕೊಳ್ಳುವ ಶಕ್ತಿಯೂ ಅವಕ್ಕಿಲ್ಲ. 2010ರಲ್ಲಿ ಒಂದು ಕೆಮ್ಮಿನ ರೋಗ ದೇಶದ ಕುದುರೆಗಳಿಗೆಲ್ಲ ಹಬ್ಬಿ ರಫ್ತೇ ನಿಂತಿತ್ತು. ಬಳಸಿದ ಜೀನು, ಲಗಾಮನ್ನೂ ತರುವಂತಿಲ್ಲ.

ಜರ್ಮನಿಯಲ್ಲಿ ಇನ್ನೊಂದು ಕಾಟ, ನುಸಿ. ಅದರ ಕಡಿತ ಕಾಣದೆ ಬೆಳೆದ ಕುದುರೆಗೆ ಅಲ್ಲಿ ವಿಪರೀತ ತುರಿಕೆ ಬರಬಹುದು. ಬೇಲಿಗೆ ಕುತ್ತಿಗೆ, ಬಾಲದ ಬುಡ ಉಜ್ಜಿ ಉಜ್ಜಿ ಕೂದಲು ಉದುರಿ ಗಾಯವಾಗುತ್ತದೆ. ನೋಡಲಾಗುವುದಿಲ್ಲ, ಪಾಪ.

ಕೊಳ್ಳಲೇಬೇಕು ಅಂದರೆ, ನಮ್ಮ ರಾಮನಾಥಪುರದ ದನದ ಜಾತ್ರೆಯ ಹಾಗೆ ಸುಮ್ನೆ ಹಲ್ಲು ನೋಡಿ, ಟವೆಲ್ ಒಳಗೆ ಬೆರಳು ಹಿಡಿದು ಮುಗಿಸುವುದು ಬೇಡ. ವರ್ಲ್ಡ್‌ಫೆಂಗರ್ ಎಂಬ ದಾಖಲೆಯಲ್ಲಿ ಈ ತಳಿಯ ಕುದುರೆಗಳ ವಂಶವೆಲ್ಲ ಸಿಗುತ್ತದೆ. ಮೈಕ್ರೋಚಿಪ್ ನಂಬರ್ ಅದಕ್ಕೆ ತಾಳೆಯಾಗಬೇಕು. ಮಾರುವವರ ಕಡೆಯವರಲ್ಲದ ಪಶುವೈದ್ಯರಿಂದ ಕಾಲಿನ ಎಕ್ಸ್‌ರೇ ತೆಗೆಸಲಿ. ಅವಳೇ ಹತ್ತಿ, ಈ ತಳಿಗೆ ಹೆಸರು ತಂದ ಟೋಲ್ಟ್ ನಡಿಗೆ, ಅಂದರೆ ಸವಾರರಿಗೆ ಕುಲುಕಾಟವೇ ಗೊತ್ತಾಗದ ಆ ನಡಿಗೆ, ಸರಿ ಬರುತ್ತದಾ ನೋಡಲಿ.

ಜರ್ಮನಿ ಖಚಿತವಾದರೆ ಈಗ ಕೊಳ್ಳುವುದೇ ಬೇಡ. ಅಲ್ಲೇ ಹುಟ್ಟಿದ ಇದೇ ತಳಿಯ ಕುದುರೆಗಳು ಬೇಕಾದಷ್ಟಿವೆ, ಅವಕ್ಕೆ ತುರಿಕೆಯೂ ಕಡಿಮೆ.