ಗಿಟ್ ಡಿಫ್‌ನಲ್ಲಿ ಟೆಸ್ಟ್ ಮೊದಲು, ಲಾಕ್ ಫೈಲ್ ಕೊನೆಗೆ ಬರುವಂತೆ ಮಾಡಬಹುದಾ?

ಖಂಡಿತ ಮಾಡಬಹುದು. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್, ಸುಮ್ನೆ ಫೈಲ್ ಹೆಸರಿನ ಅಕ್ಷರ ಕ್ರಮದಲ್ಲಿ ಡಿಫ್ (ಏನೇನು ಬದಲಾಗಿದೆ ಅನ್ನುವ ಪಟ್ಟಿ) ತೋರಿಸುತ್ತದೆ. ಅದಕ್ಕೇ 'ಪಿ'ಯಿಂದ ಶುರುವಾಗುವ ಪ್ಯಾಕೇಜ್-ಲಾಕ್ (ಬಳಸಿದ ಲೈಬ್ರರಿಗಳ ಆವೃತ್ತಿಗಳನ್ನು ದಾಖಲಿಸುವ ಲಾಕ್ ಫೈಲ್) ಮೊದಲು ಬರುತ್ತದೆ, 'ಎಸ್'ನ, ಕೋಡ್ ಇರುವ ಎಸ್‌ಆರ್‌ಸಿ ಫೋಲ್ಡರ್ ಆಮೇಲೆ. ಸಾವಿರಾರು ಸಾಲಿನ ಲಾಕ್ ಫೈಲ್ ದಾಟಿ ನಿಜವಾದ ಬದಲಾವಣೆಗೆ ಬರುವಷ್ಟರಲ್ಲಿ ನನಗೆ ಓದುವ ಗಮನವೇ ಹೋಗಿರುತ್ತಿತ್ತು. ಈಗ ನಾನು ಕೋಡ್‌ಗಿಂತ ಟೆಸ್ಟ್ ಮೊದಲು ಓದುತ್ತೇನೆ. ಕೋಡ್ ಏನು ಮಾಡಬೇಕು ಅಂತ ಗೊತ್ತಾದ ಮೇಲೆ, ಅದನ್ನು ಮಾಡುತ್ತಿದೆಯಾ ಅಂತ ನೋಡುವುದು ಸುಲಭ ಅಲ್ವಾ?

ಒಂದು ಟೆಕ್ಸ್ಟ್ ಫೈಲ್ ಮಾಡಿ (ನನ್ನದು ಟೂಲ್ಸ್ ಫೋಲ್ಡರ್‌ನಲ್ಲಿರುವ 'ಆರ್ಡರ್'), ಸಾಲಿಗೊಂದು ಪ್ಯಾಟರ್ನ್, ಅಂದರೆ ಫೈಲ್ ಹೆಸರಿನ ಮಾದರಿ, ಬರೆಯಿರಿ. ನನ್ನ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್‌ನಲ್ಲಿ ಇರುವುದು ಇಷ್ಟೇ (ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಿ):

*.ಎಂಡಿ
*.ಟೆಸ್ಟ್.ಟಿಎಸ್
*.ಟಿಎಸ್

ಆಮೇಲೆ ಒಮ್ಮೆ ಈ ಕಮಾಂಡ್ ಕೊಡಿ:

ಗಿಟ್ ಕಾನ್ಫಿಗ್ ಡಿಫ್.ಆರ್ಡರ್‌ಫೈಲ್ ಟೂಲ್ಸ್/ಆರ್ಡರ್

ಇಲ್ಲಿ ಕೊಟ್ಟ ದಾರಿಯನ್ನು ಗಿಟ್ ರೆಪೊದ (ಪ್ರಾಜೆಕ್ಟ್ ಇರುವ ಫೋಲ್ಡರ್‌ನ) ಬುಡದಿಂದ ಲೆಕ್ಕ ಹಾಕುತ್ತದೆ. ನೀವು ಯಾವ ಫೋಲ್ಡರ್‌ನಲ್ಲಿದ್ದರೂ ಪರವಾಗಿಲ್ಲ.

ನಾನು ಎಡವಿದ್ದು ಒಂದು ಕಡೆ. ಲಾಕ್ ಫೈಲ್ ಕೊನೆಗೆ ಹೋಗಲಿ ಅಂತ ಮೊದಲು ಬರೀ * ಹಾಕಿ, ಅದರ ಕೆಳಗೆ ಲಾಕ್ ಫೈಲ್ ಹೆಸರು ಬರೆದಿದ್ದೆ. ಏನೂ ಆಗಲಿಲ್ಲ. ಯಾಕೆಂದರೆ ಒಂದು ಫೈಲ್‌ಗೆ ಮೇಲಿನಿಂದ ಮೊದಲು ಹೊಂದುವ ಸಾಲೇ ಲೆಕ್ಕ. * ಎಲ್ಲಕ್ಕೂ ಹೊಂದುತ್ತದೆ, ಲಾಕ್ ಫೈಲಿಗೂ. ಟೆಸ್ಟ್ ಸಾಲು *.ಟಿಎಸ್‌ಗಿಂತ ಮೇಲೆ ಇರಬೇಕಾದದ್ದೂ ಇದಕ್ಕೇ. ಕೊನೆಗೆ ತಳ್ಳಬೇಕಾದ ಫೈಲನ್ನು ಬರೆಯಲೇಬಾರದು. ಯಾವ ಸಾಲಿಗೂ ಹೊಂದದ ಫೈಲ್‌ಗಳನ್ನು ಗಿಟ್ ತಾನಾಗಿಯೇ ಕೊನೆಯಲ್ಲಿ ಇಡುತ್ತದೆ. ಹಾಗಾಗಿ *.ಜೇಸನ್ ಅನ್ನುವ ಸಾಲನ್ನೂ ಹಾಕಬೇಡಿ, ಪ್ಯಾಕೇಜ್-ಲಾಕ್ ಕೂಡ ಜೇಸನ್ ಫೈಲೇ.

ಕ್ಯೂಎಮು (ಕಂಪ್ಯೂಟರ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು ಅನುಕರಿಸುವ ಸಾಫ್ಟ್‌ವೇರ್) ಪ್ರಾಜೆಕ್ಟ್‌ನವರು ಇಂಥ ಫೈಲನ್ನು ರೆಪೊದಲ್ಲೇ, ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ಇಟ್ಟಿದ್ದಾರೆ. ಅದರಲ್ಲಿ ಸಿ ಕೋಡ್‌ಗಿಂತ ಹೆಡರ್ ಫೈಲ್‌ಗಳು ಮೊದಲು ಬರುತ್ತವೆ. ನಿಮ್ಮ ಟೀಮ್‌ಗೂ ಹೀಗೇ ಮಾಡಿ. ಫೈಲನ್ನು ಕಮಿಟ್ ಮಾಡಿದರೂ ಕಾನ್ಫಿಗ್ ಮಾತ್ರ ಜೊತೆಗೆ ಹೋಗುವುದಿಲ್ಲ. ಕ್ಲೋನ್ ಮಾಡಿದ ಪ್ರತಿಯೊಬ್ಬರೂ ಆ ಕಮಾಂಡನ್ನು ಒಮ್ಮೆ ಓಡಿಸಬೇಕು.

ಗಿಟ್‌ಹಬ್‌ನ ಪುಲ್ ರಿಕ್ವೆಸ್ಟ್ ಪುಟ ಮಾತ್ರ ಈ ಕ್ರಮವನ್ನು ಕೇಳುವುದಿಲ್ಲ. ದೊಡ್ಡ ಬದಲಾವಣೆ ಇದ್ದರೆ ನಾನು ಬ್ರಾಂಚನ್ನು ಇಳಿಸಿಕೊಂಡು, ಮೇನ್ ಮತ್ತು ಆ ಬ್ರಾಂಚಿನ ಹೆಸರಿನ ನಡುವೆ ಮೂರು ಚುಕ್ಕಿ ಹಾಕಿ ಟರ್ಮಿನಲ್‌ನಲ್ಲೇ ಡಿಫ್ ಓದುತ್ತೇನೆ. ಕಾಮೆಂಟ್ ಬರೆಯಲು ಮಾತ್ರ ಬ್ರೌಸರ್‌ಗೆ ಹೋಗುತ್ತೇನೆ. ಗಿಟ್‌ಹಬ್‌ನಲ್ಲಿ ಲಾಕ್ ಫೈಲ್ ಕಣ್ಣಿಗೆ ಬೀಳಬಾರದು ಅಂದರೆ, ಗಿಟ್‌ಆಟ್ರಿಬ್ಯೂಟ್ಸ್ ಫೈಲ್‌ನಲ್ಲಿ ಅದರ ಹೆಸರಿನ ಮುಂದೆ 'ಲಿಂಗ್ವಿಸ್ಟ್-ಜನರೇಟೆಡ್' ಅಂತ ಬರೆಯಿರಿ. ಆಗ ಅದು ಮಡಚಿಕೊಂಡೇ ಇರುತ್ತದೆ.

ಯಾವತ್ತಾದರೂ ಹಳೇ ಕ್ರಮವೇ ಬೇಕಾದರೆ, ಡಿಫ್ ಜೊತೆ -ಓ/ಡೆವ್/ನಲ್ ಕೊಡಿ. ಆ 'ಓ' ದೊಡ್ಡಕ್ಷರ.