ತೆರಿಗೆ ನೋಡಿ ಊರು ಬಿಟ್ಟವರು ಕಡಿಮೆ, ಒಳಗೆ ಬರಲಾಗದವರು ಹೆಚ್ಚು

ನಿಮ್ಮ ಪ್ರಶ್ನೆ ಇದು: ಸ್ಥಳೀಯ ಆಡಳಿತದ ನೀತಿಗಳನ್ನು ನೋಡಿ ಜನ ನಿಜಕ್ಕೂ ಮನೆ ಬದಲಿಸುತ್ತಾರೆಯೇ? ಎರಡು ಊರುಗಳ ನಡುವೆ ತೂಗಾಡುತ್ತಿದ್ದೀರಿ, ಒಂದರಲ್ಲಿ ಆಸ್ತಿ ತೆರಿಗೆ ಕಡಿಮೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೇ ಎಂದೂ ಕೇಳಿದ್ದೀರಿ.

ನಾನು ಇದುವರೆಗೆ ಆರು ಬಾಡಿಗೆ ಮನೆಗಳಲ್ಲಿ ಇದ್ದವನು. ಮೊದಲ ಐದು ಸಲವೂ ವಿಚಾರಿಸಿದ್ದು ಮೂರೇ ಸಂಗತಿ: ನೀರು ದಿನಾ ಬರುತ್ತದೆಯೇ, ಶಾಲೆ ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೊಂದು. ಆಡಳಿತ ಯಾರ ಕೈಯಲ್ಲಿದೆ, ಅವರ ಧೋರಣೆ ಏನು ಎಂದು ಒಮ್ಮೆಯೂ ಕೇಳಲಿಲ್ಲ. ಐದನೆಯ ಮನೆಗೆ ಹೋದ ಮೇಲೆ ಒಂದು ಸಭೆಯ ಒಂದು ನಿರ್ಣಯದಿಂದ ನಮ್ಮ ಬೀದಿಯ ಬಸ್ಸು ನಿಂತುಹೋಯಿತು. ವರ್ಷ ತುಂಬುವುದರೊಳಗೆ ಅಕ್ಕಪಕ್ಕದ ಮೂರು ಸಂಸಾರಗಳು ಗಂಟುಮೂಟೆ ಕಟ್ಟಿದವು. ಅವರಲ್ಲಿ ಯಾರೂ 'ನೀತಿ ಸರಿಯಿಲ್ಲ' ಎಂದು ಹೇಳಿ ಹೋಗಲಿಲ್ಲ. 'ಓಡಾಟ ಕಷ್ಟವಾಯಿತು' ಎಂದರು, ಅಷ್ಟೇ. ಊರು ಯಾಕೆ ಬಿಟ್ಟಿರಿ ಎಂದು ಕೇಳಿದರೆ ಯಾರ ಬಾಯಿಂದಲೂ ರಾಜಕೀಯ ಬರುವುದಿಲ್ಲ. ಅವರು ಹೇಳುವ ಕಷ್ಟದ ಬೇರು ಮಾತ್ರ ಎಷ್ಟೋ ಸಲ ಸಭೆಯ ನಡವಳಿ ಪುಸ್ತಕದಲ್ಲಿ ಸಿಗುತ್ತದೆ.

ಅರ್ಥಶಾಸ್ತ್ರದಲ್ಲಿ ಇದಕ್ಕೊಂದು ಹೆಸರುವಾಸಿ ವಾದವಿದೆ. ಅಮೆರಿಕದ ಚಾರ್ಲ್ಸ್ ಟೀಬೂ 1956ರಲ್ಲಿ ಬರೆದ ಪ್ರಬಂಧದ ತಿರುಳು ಹೀಗೆ: ಹಲವು ಊರುಗಳು ಹಲವು ಬಗೆಯ ತೆರಿಗೆ ಮತ್ತು ಸೌಲಭ್ಯಗಳನ್ನು ಮುಂದಿಟ್ಟಾಗ ಜನ ತಮಗೆ ಒಪ್ಪುವ ಕಡೆಗೆ ಹೊರಟುಹೋಗುತ್ತಾರೆ. ಮತಪೆಟ್ಟಿಗೆಯಲ್ಲಿ ಹೇಳಲಾಗದ್ದನ್ನು ಕಾಲು ಹೇಳುತ್ತದೆ. ಓದಲು ಸೊಗಸಾಗಿದೆ. ಆದರೆ ಅದರ ಷರತ್ತುಗಳನ್ನು ನೋಡಿ: ಎಲ್ಲ ಊರುಗಳ ವಿಷಯವೂ ಎಲ್ಲರಿಗೂ ಪೂರ್ತಿ ಗೊತ್ತಿರಬೇಕು, ಮನೆ ಬದಲಿಸಲು ಯಾವ ಅಡ್ಡಿಯೂ ಇರಬಾರದು, ಆದಾಯವೆಲ್ಲ ಷೇರಿನ ಲಾಭಾಂಶದಿಂದಲೇ ಬರಬೇಕು. ಅಂದರೆ ನೌಕರಿಯ ಹಂಗು ಇರಬಾರದು. ಅಂಥವರನ್ನು ನಾನಂತೂ ಇನ್ನೂ ಭೇಟಿಯಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ನೀತಿಗಳ ಪ್ರಭಾವವನ್ನು ನಾವು ತಪ್ಪಾದ ಕಡೆ ಹುಡುಕುತ್ತೇವೆ. ಊರು ಬಿಟ್ಟು ಹೋದವರ ಲೆಕ್ಕ ಹಾಕುತ್ತೇವೆ. ಬಿಡಬೇಕೆಂದಿದ್ದರೂ ಬಿಡಲಾಗದೆ ಕುಳಿತವರನ್ನು, ಬರಬೇಕೆಂದಿದ್ದರೂ ಬರಲಾಗದೆ ಹೋದವರನ್ನು ಎಣಿಸುವುದಿಲ್ಲ. ದೊಡ್ಡ ಪರಿಣಾಮ ಇರುವುದು ಅಲ್ಲೇ.

ಕ್ಯಾಲಿಫೋರ್ನಿಯಾವನ್ನೇ ತೆಗೆದುಕೊಳ್ಳಿ. 1978ರಲ್ಲಿ ಅಲ್ಲಿನ ಮತದಾರರು 13ನೆಯ ಪ್ರಸ್ತಾಪವನ್ನು ಗೆಲ್ಲಿಸಿದರು. ಆಸ್ತಿ ತೆರಿಗೆಯ ಮೂಲ ದರ ಮೌಲ್ಯದ ಶೇ 1ನ್ನು ಮೀರುವಂತಿಲ್ಲ. ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮನೆ ಮಾರಾಟವಾದಾಗ ಹೊಸ ಬೆಲೆಗೆ ತಕ್ಕಂತೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹಾಗಾಗಿ ಪಕ್ಕಪಕ್ಕದ ಎರಡು ಒಂದೇ ತರಹದ ಮನೆಗಳಲ್ಲಿ ನಲವತ್ತು ವರ್ಷದಿಂದ ಇರುವವರು ಕಟ್ಟುವುದು ಒಂದು ಪಾಲಾದರೆ ನಿನ್ನೆ ಬಂದವರು ಅದರ ಹಲವು ಪಟ್ಟು ಕಟ್ಟುತ್ತಾರೆ. ಮಕ್ಕಳೆಲ್ಲ ರೆಕ್ಕೆ ಬಲಿತು ಹೋದ ಮೇಲೂ ಹಿರಿಯರು ದೊಡ್ಡ ಮನೆ ಬಿಡಲಿಲ್ಲ, ಯಾಕೆಂದರೆ ಚಿಕ್ಕ ಮನೆಗೆ ಹೋದರೆ ತೆರಿಗೆ ಜಾಸ್ತಿ! ಕೊನೆಗೆ 55 ದಾಟಿದವರು ಹಳೆಯ ತೆರಿಗೆಯ ಲೆಕ್ಕವನ್ನು ಹೊಸ ಮನೆಗೆ ಒಯ್ಯಬಹುದು ಎಂಬ ವಿನಾಯಿತಿಯನ್ನು ಸೇರಿಸಬೇಕಾಯಿತು. 2020ರಲ್ಲಿ ಅದನ್ನು ಇನ್ನಷ್ಟು ಸಡಿಲಿಸಿದರು. ಜನರನ್ನು ಮನೆಯಲ್ಲಿ ಉಳಿಸಲು ತಂದ ಕಾನೂನು ಅವರನ್ನು ಅಲ್ಲೇ ಕಟ್ಟಿಹಾಕಿತು.

ಬಾಡಿಗೆ ನಿಯಂತ್ರಣದ ಕಥೆಯೂ ಇದೇ ಬಳಗದ್ದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 1994ರಲ್ಲಿ ಹಳೆಯ ಸಣ್ಣ ಕಟ್ಟಡಗಳನ್ನೂ ನಿಯಂತ್ರಣದೊಳಗೆ ತಂದರು. ಸ್ಟ್ಯಾನ್‌ಫರ್ಡ್ ಸಂಶೋಧಕರು ಲೆಕ್ಕ ಹಾಕಿದಾಗ ಎರಡು ಸಂಗತಿ ಕಂಡವು. ಒಳಗಿದ್ದ ಬಾಡಿಗೆದಾರರು ಅದೇ ವಿಳಾಸದಲ್ಲಿ ಹೆಚ್ಚು ಕಾಲ ನೆಮ್ಮದಿಯಾಗಿ ಉಳಿದರು. ಆದರೆ ನಿಯಂತ್ರಣಕ್ಕೆ ಸಿಕ್ಕ ಮಾಲೀಕರು ಕಟ್ಟಡಗಳನ್ನು ಮಾರಿ, ಕೆಡವಿ ಹೊಸದಾಗಿ ಕಟ್ಟಿ, ಬಾಡಿಗೆಗೆ ಕೊಡುವ ಮನೆಗಳನ್ನು ಸುಮಾರು ಶೇ 15ರಷ್ಟು ಕಡಿಮೆ ಮಾಡಿದರು. ಬಾಡಿಗೆದಾರನಾಗಿ ನನಗೆ ಮೊದಲನೆಯದರಲ್ಲಿ ಸಂತೋಷವಿದೆ, ಎರಡನೆಯದನ್ನು ನುಂಗಿಕೊಳ್ಳುವುದು ಕಷ್ಟ.

ಇವೆಲ್ಲಕ್ಕಿಂತ ಬಲವಾದ ನೀತಿ ಒಂದಿದೆ, ಅದರ ಹೆಸರು ಕೇಳಿದರೇ ಆಕಳಿಕೆ ಬರುತ್ತದೆ: ಭೂಬಳಕೆಯ ವಲಯ ನಿಯಮ. ನಿವೇಶನ ಕನಿಷ್ಠ ಇಷ್ಟು ದೊಡ್ಡದಿರಬೇಕು, ಅದರಲ್ಲಿ ಒಂದೇ ಸಂಸಾರದ ಮನೆ ಇರಬೇಕು, ಇಷ್ಟು ಅಂತಸ್ತಿಗಿಂತ ಮೇಲೇಳಬಾರದು, ಇಷ್ಟು ಕಾರು ನಿಲ್ಲಿಸಲು ಜಾಗ ಬಿಡಬೇಕು. ಈ ನಾಲ್ಕು ಸಾಲುಗಳಲ್ಲಿ ಬಡವರು, ವಲಸಿಗರು ಎಂಬ ಪದವೇ ಇಲ್ಲ. ಬೇಕಾಗಿಯೂ ಇಲ್ಲ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಕೊಳ್ಳಬಲ್ಲಂಥ ಮನೆಯೇ ಆ ಊರಿನಲ್ಲಿ ಕಟ್ಟಲ್ಪಡುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಬಡಾವಣೆ ವಿಂಗಡಿಸುವುದನ್ನು 1917ರಲ್ಲಿ ರದ್ದುಗೊಳಿಸಿತ್ತು. ಅದೇ ಕೋರ್ಟ್ 1926ರಲ್ಲಿ, ಒಹಾಯೊದ ಯೂಕ್ಲಿಡ್ ಎಂಬ ಸಣ್ಣ ಊರಿನ ಮೊಕದ್ದಮೆಯಲ್ಲಿ, ಕಟ್ಟಡದ ಬಗೆ ನೋಡಿ ವಿಂಗಡಿಸುವುದನ್ನು ಎತ್ತಿಹಿಡಿಯಿತು. ಬಿಡಿ ಮನೆಗಳ ಬಡಾವಣೆಗೆ ಬರುವ ಅಪಾರ್ಟ್‌ಮೆಂಟನ್ನು ಆ ತೀರ್ಪು ಪರೋಪಜೀವಿ ಎಂದೇ ಕರೆದಿದೆ. ಮುಂದಿನ ಬಾಗಿಲು ಮುಚ್ಚಿತು, ಹಿತ್ತಲ ಬಾಗಿಲು ತೆರೆಯಿತು ಎಂದೇ ನಾನು ಓದಿಕೊಳ್ಳುತ್ತೇನೆ.

ಈ ನಿಯಮವನ್ನು ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ನ್ಯೂಜಿಲೆಂಡಿನ ಆಕ್ಲೆಂಡ್ 2016ರಲ್ಲಿ ತನ್ನ ವಸತಿ ಭೂಮಿಯ ಸುಮಾರು ಮುಕ್ಕಾಲು ಪಾಲಿನಲ್ಲಿ ಮೊದಲಿಗಿಂತ ಒತ್ತಾಗಿ ಮನೆ ಕಟ್ಟಲು ಅವಕಾಶ ಕೊಟ್ಟಿತು. ನಂತರದ ವರ್ಷಗಳಲ್ಲಿ ಅಲ್ಲಿ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳಿಗೆ ಪರವಾನಗಿಗಳು ಏರುತ್ತ ಹೋದವು. ಜಪಾನಿನಲ್ಲಿ ವಲಯಗಳ ಬಗೆಗಳನ್ನು ರಾಷ್ಟ್ರದ ಕಾನೂನೇ ನಿಗದಿಪಡಿಸುವುದರಿಂದ ಒಂದು ಬೀದಿಯವರು ಒಟ್ಟಾಗಿ 'ನಮ್ಮಲ್ಲಿ ಬೇಡ' ಎಂದು ಹಟ ಹಿಡಿಯುವುದು ಅಷ್ಟು ಸುಲಭವಲ್ಲ.

ಹಣ ಕೊಟ್ಟು ಜನರನ್ನು ಕರೆಯುವ ಊರುಗಳೂ ಇವೆ. ಸ್ವಿಟ್ಜರ್ಲೆಂಡಿನ ಆಲ್ಬಿನೆನ್ ಎಂಬ ಬೆಟ್ಟದ ಹಳ್ಳಿ 2017ರಲ್ಲಿ, ಅಲ್ಲಿಗೆ ಬಂದು ನೆಲೆಸುವ 45 ವರ್ಷದೊಳಗಿನ ವಯಸ್ಕರಿಗೆ ತಲಾ 25,000 ಫ್ರಾಂಕ್ ಕೊಡಲು ಮತ ಹಾಕಿತು. ಸುದ್ದಿ ಜಗತ್ತನ್ನೇ ಸುತ್ತಿತು. ಹತ್ತು ವರ್ಷ ಅಲ್ಲೇ ಇರಬೇಕು ಎಂಬ ಷರತ್ತು ಮಾತ್ರ ಅಷ್ಟು ದೂರ ಸುತ್ತಿದಂತೆ ಕಾಣಲಿಲ್ಲ.

ಇನ್ನು ನಿಮ್ಮ ಎರಡು ಊರುಗಳ ವಿಷಯ. ತೆರಿಗೆ ಕಡಿಮೆ ಇರುವ ಊರಿನಲ್ಲಿ ಮನೆಯ ಬೆಲೆ ಹೇಗಿದೆ? ವ್ಯಾಲೇಸ್ ಓಟ್ಸ್ ಎಂಬ ಅರ್ಥಶಾಸ್ತ್ರಜ್ಞ ನ್ಯೂಜೆರ್ಸಿಯ 53 ಸ್ಥಳೀಯ ಆಡಳಿತಗಳನ್ನು ಹೋಲಿಸಿ 1969ರಲ್ಲಿ ತೋರಿಸಿದ್ದು ಇದನ್ನೇ: ತೆರಿಗೆ ಹೆಚ್ಚಿದ್ದಲ್ಲಿ ಮನೆಯ ಬೆಲೆ ಇಳಿದಿರುತ್ತದೆ, ಶಾಲೆಗಳಿಗೆ ಖರ್ಚು ಹೆಚ್ಚಿದ್ದಲ್ಲಿ ಬೆಲೆ ಏರಿರುತ್ತದೆ. ಆದ್ದರಿಂದ ಕಡಿಮೆ ತೆರಿಗೆ ನಿಮಗೆ ಸಿಗುವ ಉಡುಗೊರೆಯಲ್ಲ. ಅದರ ಬಹುಪಾಲನ್ನು ಮಾರುವವರು ಬೆಲೆಯಲ್ಲೇ ಮುಂಗಡವಾಗಿ ವಸೂಲಿ ಮಾಡಿರುತ್ತಾರೆ. ಮುಂದಿನ ಚುನಾವಣೆಯ ನಂತರ ತೆರಿಗೆ ಏರಿದರೆ ನೀವು ಎರಡು ಸಲ ಕೊಟ್ಟಂತೆ. ಇವತ್ತಿನ ದರ ಬಿಡಿ, ಅದು ಯಾವ ಕಡೆ ಚಲಿಸುತ್ತಿದೆ ಎಂದು ನೋಡಿ: ಚರಂಡಿ, ರಸ್ತೆಗಳ ದುರಸ್ತಿಯನ್ನು ಮುಂದೂಡಿ ತೆರಿಗೆಯನ್ನು ಕೆಳಗಿಟ್ಟಿರುವ ಊರು ಒಂದಲ್ಲ ಒಂದು ದಿನ ಎಲ್ಲವನ್ನೂ ಒಟ್ಟಿಗೆ ಕೇಳುತ್ತದೆ.

ಎರಡೂ ಕಡೆಯ ಭೂಬಳಕೆ ನಕ್ಷೆಯನ್ನೂ ಕಳೆದ ಎರಡು ವರ್ಷದ ಸಭಾ ನಡವಳಿಗಳನ್ನೂ ತರಿಸಿಕೊಂಡು ಓದಿ. ರುಚಿಯಿಲ್ಲದ ಓದು, ಆದರೂ ಎರಡು ಸಂಜೆಗಳಲ್ಲಿ ಮುಗಿಯುತ್ತದೆ. ಆರನೆಯ ಮನೆ ಹಿಡಿಯುವಾಗ ನಾನು ಮಾಡಿದ್ದು ಅದನ್ನೇ. ಮೊದಲು ಮೆಚ್ಚಿದ್ದ ಮನೆಯ ಕಿಟಕಿಯೆದುರು ಒಂದು ದೊಡ್ಡ ಬಯಲಿತ್ತು. ಗಾಳಿ ಬೆಳಕಿಗೆ ಕೊರತೆಯಿಲ್ಲ ಎಂದು ಮಾಲೀಕರು ಎರಡು ಸಲ ಹೇಳಿದರು. ನಕ್ಷೆಯಲ್ಲಿ ಆ ಬಯಲಿನ ಮೇಲೆ ಆರು ಪಥದ ರಸ್ತೆ ಎಳೆದಿತ್ತು. ನಾನು ಅದೇ ಬಡಾವಣೆಯಲ್ಲಿ ನಾಲ್ಕು ಬೀದಿ ಹಿಂದಕ್ಕೆ ಮನೆ ಹಿಡಿದೆ.